ಪುಣೆಯಲ್ಲಿ ಕಲಿತ ಫ್ರೆಂಚ್, ಧಾರವಾಡದಲ್ಲಿ ಕಲಿತ ಸಂಧಿ

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿಗೆ ಸಂಜೆ ಹೊತ್ತು ಬರುತ್ತಿದ್ದವರಲ್ಲಿ ಸಾಹಿತ್ಯದ ಮೋಹಕ್ಕೆ ಬಿದ್ದು ಬಂದವರು ಕಡಿಮೆ. ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗ ಇದ್ದದ್ದು ಆ ಹಳೆಯ ಕಟ್ಟಡದಲ್ಲಿ. ಒಂದು ಕೋಣೆಯಲ್ಲಿ ಜರ್ಮನ್, ಇನ್ನೊಂದರಲ್ಲಿ ರಷ್ಯನ್, ಅದರಾಚೆ ಜಪಾನಿ. 1980ರ ದಶಕದ ಕೊನೆಯಲ್ಲಿ ನಾನು ಫ್ರೆಂಚ್ ಕಲಿಯಲು ಹೆಸರು ಹಚ್ಚಿದಾಗ ನನ್ನ ಬೆಂಚಿನ ಒಂದು ತುದಿಗೆ ಭೋಸರಿಯ ಕಾರ್ಖಾನೆಯೊಂದರ ಡ್ರಾಫ್ಟ್ಸ್‌ಮನ್ ಕೂರುತ್ತಿದ್ದ, ಇನ್ನೊಂದು ತುದಿಗೆ ಔಷಧ ಕಂಪನಿಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಕಾರವಾರದ ಕೊಂಕಣಿ ಹುಡುಗ. ಎಲ್ಲರಿಗೂ ಹೊಟ್ಟೆಪಾಡಿನ ಫ್ರೆಂಚ್ ಬೇಕಾಗಿತ್ತು.

ನನ್ನ ಕಥೆಯೂ ಅದೇ. ಧಾರವಾಡದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಚಿಂಚವಡದ ಕಡೆ ಒಂದು ಕಾರ್ಖಾನೆ ಸೇರಿದ್ದೆ. ಅಲ್ಲಿಗೆ ಫ್ರಾನ್ಸಿನಿಂದ ಒಂದು ದೊಡ್ಡ ಯಂತ್ರ ಬಂತು. ಅದರ ಜೊತೆ ಬಂದ ದಪ್ಪ ದಪ್ಪ ಕೈಪಿಡಿಗಳೆಲ್ಲ ಫ್ರೆಂಚಿನಲ್ಲೇ ಇದ್ದವು. ಪುಸ್ತಕ ಓದುವ ಹುಚ್ಚು ಇರುವವನು ಎಂದು ಹೆಸರಾಗಿದ್ದ ನನ್ನನ್ನು ಮ್ಯಾನೇಜರು ಕರೆದು, ಫೀ ಕಂಪನಿ ಕೊಡುತ್ತದೆ, ಹೋಗಿ ಕಲಿ ಎಂದರು. ಪಾಳಿ ಮುಗಿಸಿ ಲೋಕಲ್ ರೈಲು ಹಿಡಿದು ಶಿವಾಜಿನಗರದಲ್ಲಿ ಇಳಿದು ಅಲ್ಲಿಂದ ನಡೆದು ಹೋಗುತ್ತಿದ್ದೆ. ಬೇಂದ್ರೆಯವರು ಓದಿ 1918ರಲ್ಲಿ ಬಿ.ಎ. ಮುಗಿಸಿದ ಫರ್ಗ್ಯುಸನ್ ಕಾಲೇಜು ಅದೇ ರಸ್ತೆಯಲ್ಲಿದೆ. ಉಡುಪಿ ಕಡೆಯ ಜಗನ್ನಾಥ ಶೆಟ್ಟರ ವೈಶಾಲಿ, ರೂಪಾಲಿ ಹೋಟೆಲುಗಳೂ ಅಲ್ಲೇ. ಧಾರವಾಡದವನಿಗೆ ಅದು ಪರವೂರಿನ ರಸ್ತೆ ಅನಿಸುತ್ತಲೇ ಇರಲಿಲ್ಲ.

ನಮಗೆ ಕಲಿಸುತ್ತಿದ್ದ ಮೇಡಂ ಪೇಠೆಯ ಹಳೇ ಪುಣೇಕರರು. ಮಾತು ಕಡಿಮೆ, ಇದ್ದಷ್ಟೂ ಚುರುಕು. ಮೊದಮೊದಲ ಪಾಠಗಳಲ್ಲಿ ಅಂಗಡಿ, ಮನೆ, ಹವಾಮಾನ ಎಲ್ಲ ಮುಗಿದ ಮೇಲೆ ತಾಂತ್ರಿಕ ಫ್ರೆಂಚ್ ಶುರುವಾಯಿತು. ಬೋರ್ಡಿನ ಮೇಲೆ ಪಿಸ್ಟನ್ ಎಂದು ಫ್ರೆಂಚಿನಲ್ಲಿ ಬರೆದರು. ಕಾಗುಣಿತ ಇಂಗ್ಲಿಷಿನದೇ, ಒಂದಕ್ಷರವೂ ಬೇರೆ ಇಲ್ಲ. ಇಡೀ ತರಗತಿ ಒಕ್ಕೊರಲಿನಿಂದ ‘ಪಿಸ್ಟನ್’ ಎಂದಿತು. ಮೇಡಂ ಸೀಮೆಸುಣ್ಣ ಕೆಳಗಿಟ್ಟು, ‘ಇಂಗ್ರಜೀ ಚಪಲೇಸಾರಖೀ ಬಾಹೇರ್ ಠೇವಾ’ ಎಂದರು. ಇಂಗ್ಲಿಷನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಬನ್ನಿ ಎಂದು. ಆಮೇಲೆ ಬೆರಳಿನಿಂದ ಮೇಜು ತಟ್ಟಿದರು: ಪಿಸ್ ಎಂದು ಒಂದು ಪೆಟ್ಟು, ತೋಂ ಎಂದು ಇನ್ನೊಂದು. ಕೊನೆಯ ನಕಾರಕ್ಕೆ ನಾಲಿಗೆ ಹಲ್ಲಿಗೆ ತಾಗಬಾರದು, ಸ್ವರ ಮೂಗಿನೊಳಗೆ ಹೋಗಿ ಅಲ್ಲೇ ಮುಗಿಯಬೇಕು.

ಮೇಜು ತಟ್ಟುವುದೇ ಅವರ ವ್ಯಾಕರಣ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರದ ಜೊತೆ ಹೋಗುತ್ತದೆ. ಎರಡು ವ್ಯಂಜನ ಇದ್ದರೆ ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ಎರಡನೆಯದು ರಕಾರವೋ ಲಕಾರವೋ ಆಗಿದ್ದರೆ ಜೋಡಿ ಸಾಮಾನ್ಯವಾಗಿ ಒಡೆಯುವುದಿಲ್ಲ, ಎರಡೂ ಕೂಡಿಯೇ ಮುಂದಕ್ಕೆ ಹೋಗುತ್ತವೆ. ವಿದ್ಯುತ್ತಿಗೆ ಎ-ಲೆಕ್-ತ್ರಿ-ಸಿ-ತೆ. ಹೈಡ್ರಾಲಿಕ್‌ಗೆ ಇ-ದ್ರೋ-ಲಿಕ್. ಪ್ರತಿ ತುಂಡಿಗೂ ಹೆಚ್ಚುಕಡಿಮೆ ಒಂದೇ ಅಳತೆಯ ಕಾಲ, ಕೊನೆಯದಕ್ಕೆ ಮಾತ್ರ ತುಸು ಎಳೆತ. ಇಂಗ್ಲಿಷಿನಲ್ಲಿ ಒಂದು ತುಂಡಿನ ಮೇಲೆ ಒತ್ತು ಬಿದ್ದು ಉಳಿದವು ಅರ್ಧಂಬರ್ಧ ನುಂಗಿಹೋಗುತ್ತವೆ. ಕನ್ನಡದ ನಾಲಿಗೆಗೆ ಆ ನುಂಗಾಟ ಒಗ್ಗಿದ್ದೇ ಇಲ್ಲ. ನಮ್ಮನ್ನು ನೋಡಿ ನಗುವವರು, ಇವರು ಇಂಗ್ಲಿಷನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಾರೆ ಎಂದೇ ನಗುವುದು. ಅದೇ ಗುಣ ರಾನಡೆಯ ಆ ಕೋಣೆಯಲ್ಲಿ ನನ್ನ ಕೈಹಿಡಿಯಿತು. ಕಾನ್ವೆಂಟಿನಲ್ಲಿ ಓದಿದವರಿಗಿಂತ ಬೇಗ ನನಗೆ ಆ ಲಯ ಸಿಕ್ಕಿತು.

ತಾಂತ್ರಿಕ ಪದಗಳಲ್ಲಿ ಇನ್ನೊಂದು ತೊಡಕಿತ್ತು. ಇವುಗಳಲ್ಲಿ ಬಹುಪಾಲು ಗ್ರೀಕ್, ಲ್ಯಾಟಿನ್ ತುಂಡುಗಳನ್ನು ಜೋಡಿಸಿ ವಿದ್ವಾಂಸರು ಕಟ್ಟಿದವು. ಜೋಡಿಸಿದ ಕಡೆ ಒಂದು ಬೆಸುಗೆ ಇರುತ್ತದೆ. ನಾಲಿಗೆ ಆ ಬೆಸುಗೆಯಲ್ಲೇ ಒಡೆಯುತ್ತದೆ ಎಂದೇನಿಲ್ಲ. ಹೆಲಿಕಾಪ್ಟರ್ ಪದವನ್ನೇ ನೋಡಿ. 1861ರಲ್ಲಿ ಪೋಂತೋಂ ದಾಮೆಕುರ್ ಎಂಬ ಫ್ರೆಂಚ್ ಗೃಹಸ್ಥ ಕಟ್ಟಿದ ಪದ ಇದು. ಸುರುಳಿ ಎನ್ನುವ ಅರ್ಥದ ಗ್ರೀಕ್ ಮಾತಿಗೆ ರೆಕ್ಕೆ ಎನ್ನುವ ಅರ್ಥದ ‘ಪ್ತೆರೊನ್’ ಸೇರಿಸಿದ. ಬೇರು ನೋಡಿ ಒಡೆದರೆ ಹೆಲಿಕೊ-ಪ್ತೆರ್ ಆಗಬೇಕು. ಬಾಯಿಗೆ ಬರುವುದು ಎ-ಲಿ-ಕೊಪ್-ತೆರ್. ಫ್ರೆಂಚ್ ಮುದ್ರಕರಲ್ಲೂ ಸಾಲಿನ ಕೊನೆಗೆ ಇದನ್ನು ಬೇರಿನಂತೆ ಒಡೆಯುವವರು ಒಂದು ಪಂಗಡ, ಉಚ್ಚಾರದಂತೆ ಒಡೆಯುವವರು ಇನ್ನೊಂದು ಪಂಗಡ. ವಾತಾವರಣಕ್ಕೆ ಅವರು ಹೇಳುವ ಪದಕ್ಕೂ ಇದೇ ಗತಿ: ಒಬ್ಬರಿಗೆ ಅತ್-ಮೊ-ಸ್ಫೆರ್, ಇನ್ನೊಬ್ಬರಿಗೆ ಅತ್-ಮೊಸ್-ಫೆರ್.

ತರಗತಿಯಲ್ಲಿ ಬಹಳ ಜನಕ್ಕೆ ಇದು ತಲೆನೋವಾಯಿತು. ಒಂದೇ ಪದಕ್ಕೆ ಎರಡು ಒಡಕು ಹೇಗೆ ಸರಿಯಾದೀತು ಎಂದು ವಾದ. ನನಗೆ ಹೈಸ್ಕೂಲಿನ ಛಂದಸ್ಸು ನೆನಪಾಯಿತು. ಶಕ್ತಿ ಎಂದು ಬರೆಯುವಾಗ ನಾವು ‘ಶ’ ಒಂದು, ‘ಕ್ತಿ’ ಒಂದು ಎಂದು ಎರಡು ಅಕ್ಷರ ಬರೆಯುತ್ತೇವೆ. ಸಾಲು ಮುಗಿದರೆ ‘ಶ’ವನ್ನು ಮೇಲೆ ಬಿಟ್ಟು ‘ಕ್ತಿ’ಯನ್ನು ಕೆಳಗೆ ತರುತ್ತೇವೆ. ಹೇಳುವಾಗ ಮಾತ್ರ ಶಕ್-ತಿ. ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ ‘ಶ’ಕ್ಕೆ ಗುರು ಹಾಕುವುದು ಆ ಕಕಾರದ ಭಾರ ಅದರ ಮೇಲೆ ಬೀಳುತ್ತದೆ ಎಂದೇ. ಕಣ್ಣು ಒಂದು ಕಡೆ ಒಡೆಯುತ್ತದೆ, ಕಿವಿ ಇನ್ನೊಂದು ಕಡೆ, ಎರಡೂ ಶಾಸ್ತ್ರಸಮ್ಮತ. ಕನ್ನಡ ಕಲಿತ ಮಕ್ಕಳು ದಿನಾ ಮಾಡುವ ಕೆಲಸ ಇದು, ಹಾಗಾಗಿ ನನಗೆ ಅಲ್ಲಿ ವಾದವೇ ಕಾಣಲಿಲ್ಲ. ಹೆಲಿಕಾಪ್ಟರನ್ನು ನಮ್ಮ ಲಿಪಿಯಲ್ಲಿ ಬರೆದರಂತೂ ‘ಪ್ಟ’ ತಾನಾಗಿ ಕೂಡಿಯೇ ಕೂರುತ್ತದೆ, ಗ್ರೀಕರು ಕೂಡಿಸಿದ ಹಾಗೆಯೇ.

ಇದೇನು ಬರೀ ಪಂಡಿತರ ಚರ್ಚೆ ಎಂದು ಯಾರೂ ತಿಳಿಯಬಾರದು. ಬೆಂಗಳೂರಿನ ಎಚ್‌ಎಎಲ್ 1960ರ ದಶಕದಲ್ಲಿ ಫ್ರಾನ್ಸಿನ ಅಲ್ವೆತ್ ಹೆಲಿಕಾಪ್ಟರನ್ನು ಪರವಾನಗಿ ಪಡೆದು ಕಟ್ಟತೊಡಗಿತು, ಅದೇ ನಮ್ಮ ಚೇತಕ್. 1970ರ ದಶಕದಲ್ಲಿ ಇಸ್ರೋದ ಎಂಜಿನಿಯರುಗಳು ಫ್ರಾನ್ಸಿನ ವೆರ್ನೋಂ ಊರಿನಲ್ಲಿದ್ದು ವೈಕಿಂಗ್ ಎಂಜಿನ್ನಿನ ಕೆಲಸ ಕಲಿತು ಬಂದರು, ಅದರಿಂದ ವಿಕಾಸ್ ಎಂಜಿನ್ ಹುಟ್ಟಿತು. ಇಂಥ ಪ್ರತಿ ಒಪ್ಪಂದದ ಹಿಂದೆಯೂ ನಕ್ಷೆಗಳ, ಬಿಡಿಭಾಗಗಳ ಪಟ್ಟಿಗಳ ರಾಶಿಯೇ ಇರುತ್ತದೆ. ಅದನ್ನು ಕಣ್ಣಿಂದ ಓದಿದರೆ ಸಾಲದು, ಎದುರು ನಿಂತವನ ಬಾಯಿಂದ ಬಂದಾಗಲೂ ಗುರುತಿಸಬೇಕು.

ಕಾರವಾರದ ಗೆಳೆಯನಿಗೂ ನನಗೂ ಸ್ನೇಹ ಬೆಳೆದದ್ದು ತರಗತಿ ಮುಗಿದ ಮೇಲೆ ವೈಶಾಲಿಯಲ್ಲಿ. ಅವನಿಗೆ ಮೂಗಿನ ಸ್ವರ ಹುಟ್ಟಿನಿಂದಲೇ ಬಂದದ್ದು, ಕೊಂಕಣಿಯಲ್ಲಿ ಅದಿಲ್ಲದೆ ವಾಕ್ಯವೇ ಮುಗಿಯುವುದಿಲ್ಲ. ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಕನ್ನಡದಲ್ಲಿ ‘ಕೋಂಪ್ರೆಸ್ಯೋಂ’ ಎಂದು ಬರೆದುಕೊಂಡು ಓದಿದರೆ ‘ಪ’ದ ಹಿಂದಿನ ಸೊನ್ನೆ ಕಂಬ, ತುಂಬ ಎನ್ನುವಾಗಿನ ಹಾಗೆ ಮಕಾರವಾಗಿ ತುಟಿ ಮುಚ್ಚಿಬಿಡುತ್ತಿತ್ತು. ಫ್ರೆಂಚಿನಲ್ಲಿ ಅಲ್ಲಿ ತುಟಿ ಮುಚ್ಚುವುದು ‘ಪ’ಕ್ಕೆ ಮಾತ್ರ. ಸೊನ್ನೆಯ ಬದಲು ಚಂದ್ರಬಿಂದು ಹಾಕಿಕೋ ಎಂದು ಅವನು ಹೇಳಿದ. ಆ ಚಿಹ್ನೆ ಕಂಡಾಗೆಲ್ಲ ಬಾಯಿ ತೆರೆದೇ ಇರಬೇಕು ಎಂದು ನನಗೆ ನಾನೇ ಕಟ್ಟಳೆ ಮಾಡಿಕೊಂಡೆ. ಈಗಲೂ ನನ್ನ ಹಳೆಯ ನೋಟ್‌ಬುಕ್ಕಿನ ಅಂಚುಗಳಲ್ಲಿ ಪೆನ್ಸಿಲಿನ ಚಂದ್ರಬಿಂದುಗಳ ಸಾಲು ಇದೆ.

ಅವನ ಕಷ್ಟ ಬೇರೆ. ವೈದ್ಯಕೀಯ ಪದಗಳಲ್ಲಿ ಸಿ, ಎಚ್ ಎರಡು ಅಕ್ಷರ ಕೂಡಿ ಬಂದರೆ ಒಮ್ಮೆ ಶಕಾರ, ಒಮ್ಮೆ ಕಕಾರ. ಮುಂದೆ ವ್ಯಂಜನ ಇದ್ದರೆ ಗೊಂದಲವಿಲ್ಲ, ಅದು ಕಕಾರವೇ: ತೆಕ್ನಿಕ್, ಕ್ರೋಮ್, ಕ್ಲೋರ್. ಸ್ವರ ಬಂದರೆ ಪಂಚಾಯಿತಿ ಶುರು. ಶ್ವಾಸನಾಳಕ್ಕೆ ‘ತ್ರಾಶೆ’, ಅದನ್ನು ಕೊಯ್ದು ದಾರಿ ಮಾಡುವ ಶಸ್ತ್ರಚಿಕಿತ್ಸೆಗೆ ‘ತ್ರಾಕೆಯೊತೊಮಿ’. ಶ್ವಾಸನಳಿಕೆಗೆ ‘ಬ್ರೋಂಶ್’, ಅದರೊಳಗೆ ಕೊಳವೆ ಇಳಿಸಿ ನೋಡುವುದಕ್ಕೆ ‘ಬ್ರೋಂಕೊಸ್ಕೊಪಿ’. ಬೇರು ಒಂದೇ, ಬರಹ ಒಂದೇ, ಉಚ್ಚಾರ ಎರಡು. ದೋಸೆ ಆರುವ ತನಕ ಇದನ್ನೇ ಚರ್ಚಿಸಿ ಕೊನೆಗೆ ನಾವೊಂದು ಸೂತ್ರಕ್ಕೆ ಬಂದೆವು: ಇದು ಫ್ರೆಂಚರ ತತ್ಸಮ, ತದ್ಭವ. ಜನರ ಬಾಯಲ್ಲಿ ಬಹುಕಾಲ ಓಡಾಡಿದ ಪದ ಶಕಾರಕ್ಕೆ ತಿರುಗಿದೆ. ಪಂಡಿತರು ಗ್ರೀಕಿನಿಂದ ನೇರವಾಗಿ ತಂದು ಕಟ್ಟಿದ ಪದ ಹೆಚ್ಚಾಗಿ ಕಕಾರ ಉಳಿಸಿಕೊಂಡಿದೆ. ಸೂತ್ರಕ್ಕೆ ಅಪವಾದಗಳು ಬೇಕಾದಷ್ಟಿವೆ, ರಸಾಯನಶಾಸ್ತ್ರವೇ ‘ಶಿಮಿ’. ಆದರೂ ಹತ್ತರಲ್ಲಿ ಏಳೆಂಟು ಪದಗಳನ್ನು ಅದು ದಡ ಮುಟ್ಟಿಸುತ್ತಿತ್ತು.

ಅವನ ಔಷಧ ಕಾಗದಗಳಲ್ಲಿ ಇನ್ನೊಂದು ನಾಜೂಕು ಇತ್ತು. 1787ರಲ್ಲಿ ಲಾವ್ವಾಝಿಯೆ ಮತ್ತು ಅವನ ಮೂವರು ಸಂಗಡಿಗರು ರಾಸಾಯನಿಕಗಳಿಗೆ ಹೆಸರಿಡುವ ಹೊಸ ಪದ್ಧತಿ ತಂದರು. ಸಲ್ಫೇಟು, ಸಲ್ಫೈಟು, ಸಲ್ಫೈಡು ಎಂದು ನಾವು ಹೇಳುವ ವಸ್ತುಗಳು ಅವರಿಗೆ ಸ್ಯುಲ್ಫಾತ್, ಸ್ಯುಲ್ಫಿತ್, ಸ್ಯುಲ್ಫ್ಯುರ್. ಪದದ ಬಾಲ ಒಂದಿಷ್ಟು ತಿರುಗಿದರೆ ಬೇರೆಯೇ ವಸ್ತು. ಅಲ್ಲಿ ಕೊನೆಯ ತುಂಡನ್ನು ಎಳೆದು ಹೇಳುವ ಫ್ರೆಂಚಿನ ಅಭ್ಯಾಸ ಕೇಳುವವನಿಗೆ ಉಪಕಾರಿ. ಮೊದಲ ತುಂಡಿನ ಮೇಲೆ ಒತ್ತು ಹಾಕಿ ಬಾಲ ನುಂಗುವ ಇಂಗ್ಲಿಷಿನ ಚಾಳಿಯಲ್ಲಿ ಹೇಳಿದರೆ ಆ ಉಪಕಾರ ಹೋಯಿತು. ಈ ‘ಸ್ಯು’ ಹೇಳಲು ತುಟಿ ಉಕಾರಕ್ಕೆ ದುಂಡಾಗಬೇಕು, ನಾಲಿಗೆ ಇಕಾರದ ಜಾಗದಲ್ಲೇ ಇರಬೇಕು. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಅದು ಇಲ್ಲ, ಮೇಡಂ ಎದುರು ಎಲ್ಲರೂ ಸಮಾನರು.

ಒಮ್ಮೊಮ್ಮೆ ನಮ್ಮ ಅಕ್ಷರಮಾಲೆಯ ಮೂಲೆಯಲ್ಲಿ ಸುಮ್ಮನೆ ಕೂತ ಅಕ್ಷರಕ್ಕೂ ಕೆಲಸ ಸಿಗುತ್ತಿತ್ತು. ಜಿ, ಎನ್ ಕೂಡಿ ಬಂದರೆ ಸಾಮಾನ್ಯವಾಗಿ ಞಕಾರ: ಕಾಂತಕ್ಕೆ ಸಂಬಂಧಿಸಿದ್ದು ಮಾ-ಞೆ-ತಿಕ್. ಆದರೆ ರೋಗ ಅಥವಾ ಯಂತ್ರದ ದೋಷ ಪತ್ತೆಗೆ ದ್ಯಾಗ್-ನೊಸ್-ತಿಕ್, ನೀರು ನಿಂತು ಕೊಳೆಯುವುದಕ್ಕೆ ಸ್ತಾಗ್-ನಾ-ಸ್ಯೋಂ. ಇಲ್ಲಿ ಗಕಾರವೂ ನಕಾರವೂ ಬೇರೆ ಬೇರೆ ತುಂಡಿಗೆ ಹೋಗುತ್ತವೆ. ಹಾಗೆಯೇ ಟಿ-ಐ-ಓ-ಎನ್ ಎಂಬ ಬಾಲ ‘ಸ್ಯೋಂ’ ಆಗುತ್ತದೆ, ಹಿಂದೆ ಸಕಾರ ಇದ್ದರೆ ಮಾತ್ರ ‘ತ್ಯೋಂ’. ಎಂಜಿನ್ನಿನೊಳಗಿನ ದಹನ ಕೋಂ-ಬ್ಯುಸ್-ತ್ಯೋಂ. ಅಲ್ಯೂಮಿನಿಯಂ ಅವರಿಗೆ ಅಲ್ಯುಮಿನ್ಯೊಮ್. ಸತುವಿಗೆ ಬರೆಯುವುದು ನಮ್ಮ ಝಿಂಕ್‌ನಂತೆಯೇ, ಓದುವುದು ಝ್ಯಾಂಗ್.

ಹಡಪಸರದಲ್ಲಿ ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಕಂಪನಿ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಹೆಸರು ಅದು. ಕಂಪನಿಯ ಇಂಗ್ಲಿಷ್ ಬೋರ್ಡಿನಲ್ಲಿ ‘ನ್ಯೂಮ್ಯಾಟಿಕ್’ ಪದದ ಮೊದಲ ‘ಪಿ’ ಅಕ್ಷರ ಬಾಯಿಗೆ ಬರುವುದಿಲ್ಲ. ಫ್ರೆಂಚರು ಅದನ್ನು ಬಿಡುವುದಿಲ್ಲ, ಟೈರಿಗೆ ‘ಪ್ನ’ ಎಂದು ತುಟಿ ಒತ್ತಿಯೇ ಹೇಳುತ್ತಾರೆ. ಇಂಗ್ಲಿಷ್ ಬಿಟ್ಟ ಅಕ್ಷರವನ್ನು ಫ್ರೆಂಚ್ ಹೇಳುತ್ತದೆ, ಇಂಗ್ಲಿಷ್ ಹೇಳುವ ಎಷ್ಟೋ ಅಕ್ಷರಗಳನ್ನು ಫ್ರೆಂಚ್ ಬಿಡುತ್ತದೆ. ಲಾರಿಯ ಅಡಿಕಟ್ಟಿಗೆ ನಮ್ಮ ಗ್ಯಾರೇಜಿನ ಹುಡುಗರು ‘ಚಾಸಿ’ ಎನ್ನುವುದನ್ನು ಕೇಳಿ, ಓದಿದವರು ‘ಚಾಸಿಸ್’ ಎಂದು ತಿದ್ದುವುದನ್ನು ಕಂಡಿದ್ದೇನೆ. ಫ್ರೆಂಚಿನಲ್ಲಿ ಅದು ‘ಶಾಸಿ’, ಕೊನೆಯ ಸಕಾರ ಮೂಕ. ಪುಸ್ತಕ ನೋಡದೆ ಕಿವಿಯಿಂದ ಕಲಿತ ಹುಡುಗನೇ ಮೂಲಕ್ಕೆ ಹತ್ತಿರ.

ಕಿವಿಯ ಈ ಶಕ್ತಿ ನನಗೆ ಸ್ಪಷ್ಟವಾಗಿ ಕಂಡದ್ದು ನಮ್ಮ ಕಾರ್ಖಾನೆಯಲ್ಲೇ. ಯಂತ್ರ ಕೂಡಿಸಲು ಫ್ರಾನ್ಸಿನಿಂದ ಒಬ್ಬ ತಂತ್ರಜ್ಞ ಬಂದಿದ್ದ. ನಮ್ಮ ಕಡೆಯ ಹಿರಿಯ ಫಿಟ್ಟರ್ ಬೆಳಗಾವಿ ಜಿಲ್ಲೆಯವರು, ಎಲ್ಲರಿಗೂ ಮಾಮಾ. ಫ್ರೆಂಚಿನವನು ಪಟ್ಟಿ ನೋಡಿ ಆರು ಸ್ಕ್ರೂ ಕೇಳುವಾಗ ‘ಸೀ ವಿಸ್’ ಎಂದ, ಆರು ನಟ್ಟು ಕೇಳುವಾಗ ‘ಸೀಝ್ ಎಕ್ರು’ ಎಂದ, ತಟ್ಟೆಯಲ್ಲಿ ಸುರಿದು ಎಣಿಸುವಾಗ ‘ಕಾತ್ರ, ಸ್ಯಾಂಕ್, ಸೀಸ್’ ಎಂದು ನಿಲ್ಲಿಸಿದ. ಮಾಮಾ ಕಾಟನ್ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

‘ಸಾಹೇಬ್ರ, ಇಂವಾ ಆರಕ್ಕ ಒಮ್ಮೆ ಸೀ ಅಂತಾನ, ಒಮ್ಮೆ ಸೀಝ್ ಅಂತಾನ, ಎಣಸೂಮುಂದ ಸೀಸ್ ಅಂತಾನ. ಖರೇ ಯಾವ್ದ್ರಿ?’

‘ಮೂರೂ ಖರೇನ ಮಾಮಾ. ಮುಂದ ವ್ಯಂಜನ ಬಂದ್ರ ಸೀ, ಸ್ವರ ಬಂದ್ರ ಸೀಝ್, ಒಂದ ನಿಂತ್ರ ಸೀಸ್.’

‘ಹಂಗಂದ್ರ ಸಂಧಿ ಅನ್ರಿ. ನಮ್ಮ ಸಾಲ್ಯಾಗ ಮಾಸ್ತರು ಹೊಡದು ಹೊಡದು ಕಲಿಸ್ಯಾರ.’

ನಾನು ಆ ರಾತ್ರಿ ಕೂತು ಪಟ್ಟಿ ಮಾಡಿದೆ. ಮಾಮಾ ಹೇಳಿದ್ದು ಅಕ್ಷರಶಃ ನಿಜ. ಮರ ಅಥವಾ ಶಾಫ್ಟ್ ಎನ್ನುವ ಅರ್ಥದ ‘ಆರ್ಬ್ರ’ದ ಹಿಂದೆ ‘ಲ’ ಸೇರಿದರೆ ಲಕಾರದ ಸ್ವರ ಬಿದ್ದು ‘ಲಾರ್ಬ್ರ’ ಆಗುತ್ತದೆ, ಇದು ಲೋಪಸಂಧಿ. ‘ಇದೆಯೇ?’ ಎಂದು ಕೇಳುವ ‘ಯಾತಿಲ್’ ಎಂಬಲ್ಲಿ ಎರಡು ಸ್ವರಗಳ ನಡುವೆ ಎಲ್ಲೂ ಇಲ್ಲದ ತಕಾರ ಬಂದು ಕೂರುತ್ತದೆ. ನಮ್ಮಲ್ಲಿ ಯಕಾರ, ವಕಾರ ಬರುವಂತೆ ಅದು ಆಗಮ. ಒಂಬತ್ತಕ್ಕೆ ‘ನಫ್’, ಒಂಬತ್ತು ಗಂಟೆಗೆ ‘ನವರ್’. ಮಳೆಯ ಮುಂದೆ ಕಾಲ ಬಂದು ಮಳೆಗಾಲ ಆದ ಹಾಗೆ ಇಲ್ಲಿ ಫಕಾರಕ್ಕೆ ವಕಾರ ಆದೇಶ. ಕೊನೆಗೆ ನಮ್ಮ ಪ್ರಕೃತಿಭಾವವೂ ಅಲ್ಲಿ ಇತ್ತು. ಎಣ್ಣೆಗೂ ಎತ್ತರಕ್ಕೂ ಫ್ರೆಂಚಿನಲ್ಲಿ ಪದ ಶುರುವಾಗುವುದು ಮೂಕ ಹಕಾರದಿಂದ. ಎಣ್ಣೆಯ ಹಿಂದೆ ‘ಲ’ ಬಂದರೆ ಕೂಡಿ ‘ಲ್ವಿಲ್’. ಎತ್ತರದ ಕುಲುಮೆ ಎಂದೇ ಅವರು ಕರೆಯುವ, ಕಬ್ಬಿಣ ಕರಗಿಸುವ ಊದುಕುಲುಮೆಗೆ ಮಾತ್ರ ‘ಲ ಓ ಫುರ್ನೋ’, ಸ್ವರಕ್ಕೆ ಸ್ವರ ತಾಗಿದರೂ ಸಂಧಿ ಇಲ್ಲ. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದ ಕಾಲದಿಂದ ನಮಗೆ ಗೊತ್ತಿರುವ ಶಾಸ್ತ್ರಕ್ಕೆ ಪುಣೆಯ ಅಂಗಡಿಗಳಲ್ಲಿ ಸಿಗುತ್ತಿದ್ದ ಇಂಗ್ಲಿಷ್ ಗೈಡುಗಳಲ್ಲಿ ಪುಟಗಟ್ಟಲೆ ವಿವರಣೆ, ಕೊನೆಗೆ ‘ಬಾಯಿಪಾಠ ಮಾಡಿ’ ಎಂಬ ಸಲಹೆ!

ಇವೆಲ್ಲ ಗೊತ್ತಿದ್ದರೂ ಎಚ್ಚರ ತಪ್ಪುವಂತಿಲ್ಲ ಎನ್ನುವುದಕ್ಕೆ ಒಂದೇ ಮಾತು ಸಾಕು. ಆಡುಮಾತಿನಲ್ಲಿ ‘ಯಾ ಪ್ಲ್ಯು ದ ಪ್ರೆಸ್ಯೋಂ’ ಎಂದರೆ ಒತ್ತಡ ಉಳಿದಿಲ್ಲ ಎಂದು. ‘ಯಾ ಪ್ಲ್ಯುಸ್ ದ ಪ್ರೆಸ್ಯೋಂ’ ಎಂದರೆ ಒತ್ತಡ ಹೆಚ್ಚಾಗಿದೆ ಎಂದು. ಕಾಗದದ ಮೇಲೆ ನಿಷೇಧದ ಸಣ್ಣ ಪದ ಒಂದು ಇರುತ್ತದೆ, ಮಾತಿನಲ್ಲಿ ಅದು ಹಾರಿಹೋಗುತ್ತದೆ. ಆಗ ಉಳಿಯುವುದು ಒಂದು ಸಕಾರ ಮಾತ್ರ. ಕರಕರ ಸದ್ದಿನ ಟ್ರಂಕ್ ಕಾಲಿನಲ್ಲಿ ಆ ಸಕಾರವನ್ನು ನಂಬಿ ವಾಲ್ವು ತಿರುಗಿಸುವುದು ಹುಡುಗಾಟವಲ್ಲ. ಕಮ್ಮಿಯೋ ಜಾಸ್ತಿಯೋ ಎಂದು ಬೇರೆ ಪದ ಹಾಕಿ ಮರುಪ್ರಶ್ನೆ ಕೇಳದೆ ನಾನು ಎಂದೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಕನ್ನಡ ಎಲ್ಲದಕ್ಕೂ ನೆರವಾಯಿತು ಎಂದರೆ ಉತ್ಪ್ರೇಕ್ಷೆ. ನಮ್ಮದೊಂದು ಚಟ ಇದೆ, ವ್ಯಂಜನದಲ್ಲಿ ಮುಗಿಯುವ ಪದ ಕಂಡರೆ ಸಾಕು, ಉಕಾರ ಅಂಟಿಸುವುದು. ನಟ್ಟು, ಬೋಲ್ಟು, ಗೇರು, ಕಾರು. ಫ್ರೆಂಚಿನ ‘ಮೊತರ್’ ನಮ್ಮ ಬಾಯಲ್ಲಿ ‘ಮೊತರು’ ಆಗಲು ತಡವೇ ಇಲ್ಲ. ಮರಾಠಿ ಗೆಳೆಯರಿಗೆ ಈ ಕಾಟ ಇರಲಿಲ್ಲ. ಇದರ ಜೊತೆಗೆ ಫ್ರೆಂಚಿನ ಮೂಕ ಎಕಾರ ಬೇರೆ. ಅದು ಎಲ್ಲಿ ಉಳಿಯುತ್ತದೆ, ಎಲ್ಲಿ ಬೀಳುತ್ತದೆ ಎನ್ನುವುದಕ್ಕೆ ಮೊರಿಸ್ ಗ್ರಾಮೋಂ ಎಂಬ ಭಾಷಾಶಾಸ್ತ್ರಜ್ಞ ಕೊಟ್ಟ ‘ಮೂರು ವ್ಯಂಜನಗಳ ನಿಯಮ’ ಪ್ರಸಿದ್ಧ. ಸರಳವಾಗಿ ಹೇಳುವುದಾದರೆ, ಹಿಂದೆ ಒಂದೇ ವ್ಯಂಜನ ಇದ್ದರೆ ಎಕಾರ ಬೀಳುತ್ತದೆ, ಎರಡಿದ್ದರೆ ಉಳಿಯುತ್ತದೆ. ಬೇರಿಂಗಿಗೆ ರುಲ್-ಮಾಂ, ನಡುವಿನ ಎಕಾರ ಹೋಯಿತು. ಎರಡು ಭಾಗಗಳ ನಡುವಿನ ಅಂತರಕ್ಕೆ ಎ-ಕಾರ್-ತ-ಮಾಂ, ಉಳಿಯಿತು. ಕ್ರ್ಯಾಂಕ್‌ಶಾಫ್ಟಿಗೆ ವಿಲ್-ಬ್ರ-ಕ್ಯಾಂ: ಮೊದಲ ಎಕಾರ ಬಿತ್ತು, ಎರಡನೆಯದು ಉಳಿಯಿತು. ಒಂದೇ ಪದದಲ್ಲಿ ನಿಯಮದ ಎರಡೂ ಮುಖ ಇದೆ ಎಂದು ಮೇಡಂ ಅದನ್ನೇ ಪರೀಕ್ಷೆಗೆ ಮೊದಲು ನಮ್ಮಿಂದ ಪುನ್ಹಾ ಪುನ್ಹಾ ಹೇಳಿಸುತ್ತಿದ್ದರು.

ಮುಂದೆ ನೌಕರಿ ಬಿಟ್ಟು ಪೂರ್ಣಾವಧಿ ಅನುವಾದಕ್ಕೆ ಇಳಿದಾಗ ಪದ ಒಡೆಯುವ ವಿದ್ಯೆಗೆ ಇನ್ನೊಂದು ಉಪಯೋಗ ಸಿಕ್ಕಿತು. ಪಶ್ಚಿಮ ಆಫ್ರಿಕಾದ ಫ್ರೆಂಚ್ ಮಾತಾಡುವ ದೇಶಗಳಿಗೆ ಪಂಪು, ಡೀಸೆಲ್ ಎಂಜಿನ್ ಕಳಿಸುವವರಿಗೆ ಫ್ರೆಂಚ್ ಕೈಪಿಡಿ ಬೇಕಾಗುತ್ತಿತ್ತು. ನಾರಾಯಣ ಪೇಠೆಯ ಕಿರಿದಾದ ಪ್ರೆಸ್ಸುಗಳಲ್ಲಿ ಕೂತು ಪ್ರೂಫ್ ತಿದ್ದುತ್ತಿದ್ದೆ. ಅಕ್ಷರ ಜೋಡಿಸುವ ಹುಡುಗರಿಗೆ ಫ್ರೆಂಚ್ ಬಾರದು, ಸಾಲು ತುಂಬಿದ ಕಡೆ ಅಡ್ಡಗೆರೆ ಹಾಕಿ ಪದ ಕತ್ತರಿಸುತ್ತಿದ್ದರು. ಅವರಿಗಾಗಿ ಗೋಡೆಗೆ ಒಂದು ಕಾಗದ ಅಂಟಿಸಿದೆ: ಒಂದೇ ಅಕ್ಷರ ಸಾಲಿನ ಕೊನೆಗೆ ಬಿಡಬೇಡಿ. ಪದದ ಬಾಲದ ಮೂಕ ತುಂಡನ್ನು ಕೆಳಗಿನ ಸಾಲಿಗೆ ಎಸೆಯಬೇಡಿ. ಎರಡು ಸ್ವರಗಳ ನಡುವೆ ಎಕ್ಸ್ ಅಥವಾ ವೈ ಬಂದರೆ ಆ ಜಾಗದಲ್ಲಿ ಕತ್ತರಿ ಹಾಕಲೇಬೇಡಿ. ಲೋಪಚಿಹ್ನೆಯ ಬಳಿ ಸಾಲು ಮುರಿಯಬೇಡಿ. ಇನ್ನೊಂದು ನಿಯಮವನ್ನು ಬರೆಯದೆ ಬಾಯಲ್ಲೇ ಹೇಳಿದೆ. ಕಂಡೆನ್ಸರ್, ಕಂಟ್ರೋಲ್ ಇವುಗಳ ಫ್ರೆಂಚ್ ರೂಪದ ಮೊದಲ ಮೂರಕ್ಷರ ಒಂಟಿಯಾಗಿ ನಿಂತರೆ ಅದು ಅವರಲ್ಲಿ ಕೆಟ್ಟ ಬೈಗುಳ. ಒಳ್ಳೆಯ ಫ್ರೆಂಚ್ ಮುದ್ರಕರು ಅಲ್ಲಿ ಸಾಲು ಮುರಿಯುವುದನ್ನು ತಪ್ಪಿಸುತ್ತಾರೆ. ಆ ನಿಯಮವೊಂದನ್ನು ಮಾತ್ರ ಪ್ರೆಸ್ಸಿನ ಹುಡುಗರು ಎಂದೂ ಮರೆಯಲಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ಒಂದು ಪುಸ್ತಕ ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಆಂದ್ರೆ ಮಾರ್ತಿನೆ ಮತ್ತು ಆಂರಿಯೆತ್ ವಾಲ್ತೆರ್ 1973ರಲ್ಲಿ ಪ್ರಕಟಿಸಿದ ಉಚ್ಚಾರಣಾ ಕೋಶ ಅದು. ಅವರು ಹೀಗೆ ಹೇಳಬೇಕು ಎಂದು ಅಪ್ಪಣೆ ಕೊಡಲಿಲ್ಲ. ಓದು ಬರಹ ಬಲ್ಲ 17 ಜನರನ್ನು ಕೂರಿಸಿ, ಒಬ್ಬೊಬ್ಬರೂ ಹೇಗೆ ಹೇಳುತ್ತಾರೆ ಎಂದು ದಾಖಲಿಸಿದರು. ಅಪರೂಪದ ಪದಗಳಲ್ಲಿ ಅವರವರಲ್ಲೇ ಒಮ್ಮತವಿರಲಿಲ್ಲ. ಧ್ವನಿಲಿಪಿಯ ಅಂತರರಾಷ್ಟ್ರೀಯ ಸಂಘ 1886ರಲ್ಲಿ ಹುಟ್ಟಿದ್ದು ಪ್ಯಾರಿಸಿನಲ್ಲೇ. ಅಂಥ ಊರಿನ ಜನರೇ ಒಂದು ಪದವನ್ನು ಎರಡು ರೀತಿ ಹೇಳುತ್ತಾರೆ ಎಂದಮೇಲೆ ಹುಬ್ಬಳ್ಳಿ, ಧಾರವಾಡದವರು ಅಂಜಿಕೊಂಡು ಬಾಯಿ ಕಟ್ಟಿಕೊಳ್ಳಬೇಕಾಗಿಲ್ಲ. ಬೇಕಾದದ್ದು ಅರ್ಥ ಕೆಡದಂತೆ ಹೇಳುವ ಎಚ್ಚರ.

ಈಗ ಕಾಲ ಬದಲಾಗಿದೆ. ಪತ್ರಕಾರ ನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿಯುವ ಮಕ್ಕಳ ಫೋನು ಯಾವ ಪದವನ್ನಾದರೂ ಕ್ಷಣದಲ್ಲಿ ಹೇಳಿ ತೋರಿಸುತ್ತದೆ. ಆದರೆ ಫೋನು ಪದವನ್ನು ಇಡಿಯಾಗಿ ಹೇಳುತ್ತದೆ, ಎಲ್ಲಿ ಒಡೆಯಿತು, ಏಕೆ ಒಡೆಯಿತು ಎಂದು ಹೇಳುವುದಿಲ್ಲ. ಅದು ಗೊತ್ತಾಗದೆ ಹೊಸ ಪದ ಎದುರಾದಾಗ ಮತ್ತೆ ಇಂಗ್ಲಿಷಿನ ಮೊರೆ. ನನ್ನ ಬಳಿ ಈಗಲೂ ಆಗೊಮ್ಮೆ ಈಗೊಮ್ಮೆ ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಎಂಜಿನಿಯರುಗಳು ಕಲಿಯಲು ಬರುತ್ತಾರೆ. ಅವರ ಪುಸ್ತಕದ ಅಂಚುಗಳಲ್ಲಿ ಉಚ್ಚಾರವೆಲ್ಲ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ಎಲ್ಲ ಎಡವಟ್ಟು ಅಲ್ಲಿಂದಲೇ ಶುರು.

ಹಾಗಾಗಿ ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಫ್ರೆಂಚ್ ಕಲಿಯುವ ಕನ್ನಡಿಗರು ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ಮೂಗಿನ ಸ್ವರಕ್ಕೆ ಚಂದ್ರಬಿಂದು ಹಾಕಿಕೊಳ್ಳಿ. ಉದ್ದದ ಪದ ಕಂಡರೆ ಮೊದಲು ಪ್ರಸ್ತಾರ ಹಾಕುವವರ ಹಾಗೆ ತುಂಡು ಮಾಡಿ, ಆಮೇಲೆ ಬೇರು ಹುಡುಕಿ. ಎರಡು ಪದ ಕೂಡುವಲ್ಲಿ ಲೋಪವೋ, ಆಗಮವೋ, ಆದೇಶವೋ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಫ್ರೆಂಚ್ ಕಲಿಸುವ ಕನ್ನಡದ ಮೇಷ್ಟ್ರುಗಳಲ್ಲಿ ಯಾರಾದರೂ ಇದನ್ನೆಲ್ಲ ಕ್ರಮವಾಗಿ ಜೋಡಿಸಿ, ನಟ್ಟು ಬೋಲ್ಟಿನಿಂದ ಹಿಡಿದು ಔಷಧದ ಹೆಸರಿನ ತನಕ ತಾಂತ್ರಿಕ ಪದಗಳ ಕೈಪಿಡಿಯೊಂದನ್ನು ಕನ್ನಡದಲ್ಲಿ ತರಬೇಕು. ನನ್ನ ನೋಟ್‌ಬುಕ್ಕುಗಳು ಅವರಿಗೆ ಧಾರಾಳವಾಗಿ ಸಿಗುತ್ತವೆ.